ತೋಟದಲ್ಲಿ ಹೆಡೆಗೆಡ್ಡೆಯ ಗಿಡ: ಅಗೆಯುವುದಕ್ಕಿಂತ ಬಿತ್ತುವುದು ಲೇಸು

ಮಲೆನಾಡಿನಲ್ಲಿ ಮುಂಗಾರಿನ ಮೊದಲ ಮಳೆಗಳು ಬಿದ್ದು, ಕಾಡಿನ ತರಗೆಲೆಯ ಹಾಸು ನೆನೆದು ಮೆತ್ತಗಾಗುತ್ತಲೇ, ಮರಗಳ ನೆರಳಿನಲ್ಲಿ ಒಂದು ವಿಚಿತ್ರವಾದ ಗಿಡವು ನೆಲವನ್ನು ಸೀಳಿಕೊಂಡು ಮೇಲಕ್ಕೇಳುತ್ತದೆ. ಅದರ ಕಾಂಡದ ಮೇಲೆ ಹಾವಿನ ಮೈಯಲ್ಲಿರುವಂಥ ಮಚ್ಚೆಗಳಿರುವುದುಂಟು. ಹೂವಿನ ಹೊದಿಕೆಯು ನಾಗರಹಾವು ಹೆಡೆಯೆತ್ತಿ ಬಾಗಿದಂತೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಇದನ್ನು ‘ಕೋಬ್ರಾ ಲಿಲಿ’ ಎಂದು ಕರೆಯುವುದು ಈ ಕಾರಣದಿಂದಲೇ. ಸಸ್ಯಶಾಸ್ತ್ರದಲ್ಲಿ ಈ ವರ್ಗಕ್ಕೆ 1831ರಲ್ಲಿ ‘ಆರಿಸೀಮ’ ಎಂಬ ಹೆಸರು ಬಂದಿತು. ಓದುಗರ ಸೌಕರ್ಯಕ್ಕಾಗಿ ಈ ಲೇಖನದಲ್ಲಿ ಇದನ್ನು ಹೆಡೆಗೆಡ್ಡೆ ಎಂದು ಕರೆಯಲಾಗಿದೆ.

ಹೆಸರಿನಲ್ಲಿ ಲಿಲಿ ಎಂದಿದ್ದರೂ ಇದು ಆ ಕುಲಕ್ಕೆ ಸೇರಿದುದಲ್ಲ. ಹಿತ್ತಲಿನ ಕೆಸುವು, ಹೊಲದಲ್ಲಿ ನೆಡುವ ಸುವರ್ಣಗೆಡ್ಡೆ, ಇವುಗಳ ಕುಟುಂಬದ್ದೇ ಈ ಗಿಡ. ಈ ಕುಟುಂಬದಲ್ಲಿ ನಿಜವಾದ ಹೂಗಳು ಅತಿ ಸಣ್ಣವಾಗಿದ್ದು, ಒಂದು ದಿಂಡಿನ ಮೇಲೆ ಒತ್ತಾಗಿ ಜೋಡಿಸಿಕೊಂಡಿರುತ್ತವೆ. ಆ ದಿಂಡನ್ನು ಸುತ್ತುವರಿದಿರುವ ಹಾಳೆಯೇ ನೋಡುವವರಿಗೆ ಹೂವಾಗಿ ತೋರುತ್ತದೆ. ಹೆಡೆಗೆಡ್ಡೆಯಲ್ಲಿ ಈ ಹಾಳೆಯ ತುದಿಯು ಮುಂದಕ್ಕೆ ಬಾಗಿ ದಿಂಡಿಗೆ ಕೊಡೆ ಹಿಡಿದಂತಿರುತ್ತದೆ. ಪಶ್ಚಿಮ ಘಟ್ಟಗಳಲ್ಲಿ ಇದರ ಹಲವು ಜಾತಿಗಳುಂಟು. ಲೆಷೆನಾಲ್ಟ್ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞನ ಹೆಸರನ್ನು ಹೊತ್ತ ಜಾತಿಯಲ್ಲಿ ಎಲೆಯ ದಳಗಳು ಛತ್ರಿಯ ಕಡ್ಡಿಗಳಂತೆ ಸುತ್ತಲೂ ಹರಡಿರುತ್ತವೆ. ‘ಟಾರ್ಚುವೋಸಮ್’ ಎಂಬ ಇನ್ನೊಂದು ಜಾತಿಯಲ್ಲಿ ದಿಂಡಿನ ತುದಿಯು ಚಾವಟಿಯಂತೆ ಉದ್ದವಾಗಿ ಹೆಡೆಯಿಂದ ಹೊರಕ್ಕೆ ಚಾಚಿಕೊಂಡಿರುತ್ತದೆ.

ಇಂಥ ಗಿಡವು ತೋಟದ ಪ್ರಿಯರ ಮನಸ್ಸನ್ನು ಸೆಳೆಯುವುದು ಸಹಜವೇ ಸರಿ. ಬಿಸಿಲು ಬೀಳದ ಕಾರಣ ಗುಲಾಬಿಯಾಗಲಿ ಸೇವಂತಿಗೆಯಾಗಲಿ ಬಾರದ ನೆರಳಿನ ಜಾಗದಲ್ಲಿಯೇ ಇದು ಚೆನ್ನಾಗಿ ಬರುವುದು. ಕಾಫಿಯ ತೋಟ, ಸೊಪ್ಪಿನ ಬೆಟ್ಟ, ಬಾಣೆ, ಹಳೆಯ ಹಲಸು ಮಾವುಗಳ ಅಡಿ, ಇವೆಲ್ಲವೂ ಇದಕ್ಕೆ ತಕ್ಕ ಸ್ಥಳಗಳು. ಆದರೆ ಕಾಡಿನಲ್ಲಿ ಕಂಡ ಸುಂದರವಾದ ಗಿಡವನ್ನು ಬುಡಸಹಿತ ಕಿತ್ತು ತರುವ ಅಭ್ಯಾಸವು ಜನರಲ್ಲಿ ಹಿಂದಿನಿಂದಲೂ ಇದೆ. ಮರದ ಮೇಲಿನ ಸೀತಾಳೆ ದಂಡೆಗೆ ಆದ ಗತಿಯನ್ನು ಹಿರಿಯರು ಬಲ್ಲರು. ಹೆಡೆಗೆಡ್ಡೆಯ ವಿಷಯದಲ್ಲಿ ಈ ಅಭ್ಯಾಸವು ಅದಕ್ಕಿಂತಲೂ ಹಾನಿಕರವಾದುದು. ಹೇಗೆಂದರೆ, ಈ ಗಿಡದ ಸಂಸಾರವು ಇತರ ಗಿಡಗಳಂತಲ್ಲ.

ಹೆಡೆಗೆಡ್ಡೆಯ ಗಿಡವು ಜೀವಮಾನವೆಲ್ಲ ಗಂಡಾಗಿಯೇ ಅಥವಾ ಹೆಣ್ಣಾಗಿಯೇ ಇರುವುದಿಲ್ಲ. ಗೆಡ್ಡೆಯು ಚಿಕ್ಕದಾಗಿರುವಾಗ ಗಿಡವು ಎಲೆಯನ್ನು ಮಾತ್ರ ಬಿಡುತ್ತದೆ. ಕೆಲವು ವರ್ಷಗಳಲ್ಲಿ ಗೆಡ್ಡೆಯು ಮಧ್ಯಮ ಗಾತ್ರಕ್ಕೆ ಬಂದಾಗ ಗಂಡು ಹೂಗಳನ್ನು ಬಿಡುತ್ತದೆ. ಗೆಡ್ಡೆಯು ಇನ್ನೂ ಪುಷ್ಟವಾದ ಮೇಲೆ ಅದೇ ಗಿಡವು ಹೆಣ್ಣಾಗಿ ಕಾಯಿ ಕಟ್ಟುತ್ತದೆ. ಕೆಲವು ಜಾತಿಗಳಲ್ಲಿ ಪುಷ್ಟವಾದ ಗಿಡದ ಒಂದೇ ದಿಂಡಿನಲ್ಲಿ ಹೆಣ್ಣು ಗಂಡು ಎರಡೂ ಇರುವುವು. ಕಾಯಿ ಹಣ್ಣಾಗುವುದಕ್ಕೆ ಬಹಳ ಸತ್ತ್ವವು ವ್ಯಯವಾಗಿ ಗೆಡ್ಡೆಯು ಕುಗ್ಗಿದರೆ, ಮರುವರ್ಷ ಗಿಡವು ಪುನಃ ಗಂಡಾಗುವುದೂ ಉಂಟು. ಅಮೆರಿಕಾ ದೇಶದ ಕಾಡುಗಳಲ್ಲಿ ಬೆಳೆಯುವ ಇದೇ ವರ್ಗದ ಎರಡು ಜಾತಿಗಳ ಮೇಲೆ ಷಾಫ್ನರ್ ಎಂಬ ವಿದ್ವಾಂಸನು ಪ್ರಯೋಗಗಳನ್ನು ನಡೆಯಿಸಿ, ಪೋಷಣೆಯನ್ನು ಹೆಚ್ಚು ಕಡಿಮೆ ಮಾಡುವುದರಿಂದ ಗಿಡದ ಲಿಂಗವನ್ನೇ ಬದಲಾಯಿಸಬಹುದೆಂದು 1922ರಲ್ಲಿ ಪ್ರಕಟಿಸಿದನು.

ಇದರಿಂದ ಗ್ರಾಮದ ಯಜಮಾನರೂ ಜಮೀನುದಾರರೂ ಗ್ರಹಿಸತಕ್ಕ ಸಂಗತಿಯೊಂದುಂಟು. ಕಾಡಿನಲ್ಲಿ ಗೆಡ್ಡೆ ಅಗೆಯುವವನು ಯಾವ ಗಿಡವನ್ನು ಆರಿಸುತ್ತಾನೆ? ಎಲ್ಲಕ್ಕಿಂತ ಎತ್ತರವಾದುದನ್ನು, ದೊಡ್ಡ ಹೆಡೆಯನ್ನು ಬಿಟ್ಟುದನ್ನು. ಅದೇ ಬೀಜ ಕಟ್ಟುವ ತಾಯಿಗಿಡ. ಹತ್ತು ಗೆಡ್ಡೆಗಳನ್ನು ತಂದವನು ಹತ್ತು ಗಿಡಗಳನ್ನು ತಂದೆನೆಂದು ತಿಳಿಯುತ್ತಾನೆ. ವಾಸ್ತವದಲ್ಲಿ ಆ ಜಾಗದ ತಾಯಂದಿರನ್ನೆಲ್ಲ ತಂದಿರುತ್ತಾನೆ. ಉಳಿದುವು ಮರಿಗಳೂ ಗಂಡುಗಳೂ ಮಾತ್ರ. ಬಿತ್ತನೆಯ ಭತ್ತವನ್ನು ಕುಟ್ಟಿ ಊಟಮಾಡುವ ಗೃಹಸ್ಥನನ್ನು ಯಾರೂ ಜಾಣನೆನ್ನಲಾರರು. ಕಾಡಿನ ದೊಡ್ಡ ಗೆಡ್ಡೆಗಳನ್ನು ಅಗೆಯುವುದೂ ಅಂಥದೇ ಕೆಲಸ.

“ಅಷ್ಟು ದೊಡ್ಡ ಕಾಡಿನಲ್ಲಿ ನಾಲ್ಕು ಗೆಡ್ಡೆಗಳನ್ನು ತೆಗೆದರೆ ಏನು ಕಡಿಮೆಯಾದೀತು?” ಎಂದು ಕೆಲವರು ಕೇಳಬಹುದು. ಈ ಮಾತಿನಲ್ಲಿ ಮೋಸವಿದೆ. ತಾಯಿಗಿಡಗಳು ಹೋದ ಮೇಲೆಯೂ ಮುಂದಿನ ಮುಂಗಾರಿನಲ್ಲಿ ಚಿಕ್ಕ ಗಿಡಗಳು ಎಂದಿನಂತೆ ಏಳುವುವು; ಗಂಡು ಗಿಡಗಳು ಹೆಡೆ ಬಿಡುವುವು; ಕಾಡು ತುಂಬಿದಂತೆಯೇ ತೋರುವುದು. ಆದರೆ ಹಣ್ಣಿನ ಗೊಂಚಲುಗಳು ವಿರಳವಾಗಿ ಹೊಸ ಸಸಿಗಳು ಹುಟ್ಟುವುದು ನಿಲ್ಲುವುದು. ನಷ್ಟವು ಕಣ್ಣಿಗೆ ಬೀಳುವ ಹೊತ್ತಿಗೆ ಹಲವು ವರ್ಷಗಳು ಕಳೆದಿರುವುವು. ಆಗ ಪಶ್ಚಾತ್ತಾಪದಿಂದ ಪ್ರಯೋಜನವಿಲ್ಲ. ಇದಲ್ಲದೆ, ಸರ್ಕಾರದ ಮೀಸಲು ಅರಣ್ಯದಿಂದ ಅಪ್ಪಣೆಯಿಲ್ಲದೆ ಗಿಡಗೆಡ್ಡೆಗಳನ್ನು ತೆಗೆಯುವುದು 1963ರ ಅರಣ್ಯ ಕಾಯಿದೆಯ ಮೇರೆಗೆ ಅಪರಾಧವೆಂಬುದನ್ನೂ ಮರೆಯಕೂಡದು.

ಹಾಗಾದರೆ ತೋಟಗಾರನು ಈ ಗಿಡದ ಆಸೆಯನ್ನೇ ಬಿಡಬೇಕೆ? ಖಂಡಿತವಾಗಿಯೂ ಇಲ್ಲ. ಸ್ವಂತ ಭೂಮಿಯಲ್ಲಿ ತಾನಾಗಿ ಹುಟ್ಟಿದ ಗಿಡಗಳಿದ್ದರೆ ಅವುಗಳ ಬೀಜದಿಂದಲೂ, ಇಲ್ಲವಾದರೆ ಬೀಜದಿಂದ ಬೆಳೆಸಿದ ಸಸಿಗಳನ್ನು ಮಾರುವ ನರ್ಸರಿಗಳ ಮೂಲಕವೂ ಇದನ್ನು ಪಡೆಯತಕ್ಕದ್ದು. ಬೀಜದ ಕ್ರಮವು ಕಷ್ಟವಾದುದಲ್ಲ. ಮಳೆಗಾಲದ ಕೊನೆಯಲ್ಲಿ ದಿಂಡಿನ ಮೇಲೆ ಮೆಕ್ಕೆಜೋಳದ ತೆನೆಯಂತೆ ಒತ್ತಾಗಿರುವ ಹಣ್ಣುಗಳು ಪೂರ್ತಿ ಕೆಂಪಾದ ಮೇಲೆ ಕೊಯ್ದು, ನೀರಿನಲ್ಲಿ ಹಿಸುಕಿ, ತಿರುಳನ್ನು ಚೆನ್ನಾಗಿ ತೊಳೆದು ಬೀಜಗಳನ್ನು ಬೇರ್ಪಡಿಸಬೇಕು. ತಿರುಳು ಅಂಟಿಕೊಂಡಿದ್ದರೆ ಮೊಳಕೆ ತಡವಾಗುತ್ತದೆ. ಕೈಗೆ ರಬ್ಬರಿನ ಚೀಲವನ್ನು ಧರಿಸತಕ್ಕದ್ದು. ಸುವರ್ಣಗೆಡ್ಡೆಯನ್ನು ಹೆಚ್ಚುವಾಗ ತುರಿಸುವಂತೆಯೇ ಇದೂ ತುರಿಸುತ್ತದೆ. ಎಲೆಗೊಬ್ಬರ, ಕೆಮ್ಮಣ್ಣು, ಮರಳು ಬೆರೆಸಿದ ಕುಂಡದಲ್ಲಿ ಅರ್ಧ ಅಂಗುಲದ ಆಳಕ್ಕೆ ಬಿತ್ತಿ ನೆರಳಿನಲ್ಲಿಡಬೇಕು.

ಮೊದಲ ವರ್ಷ ಸಸಿಯು ಒಂದೇ ಚಿಕ್ಕ ಎಲೆಯನ್ನು ಬಿಟ್ಟು, ಆಮೇಲೆ ಒಣಗಿ ಅಡಗಿಬಿಡುತ್ತದೆ. ಸತ್ತುಹೋಯಿತೆಂದು ಭಾವಿಸಿ ಕುಂಡದ ಮಣ್ಣನ್ನು ಚೆಲ್ಲುವ ತಪ್ಪನ್ನು ಮಾಡಕೂಡದು. ಅವರೆಕಾಳಿನಷ್ಟಾದರೂ ಇಲ್ಲದ ಗೆಡ್ಡೆಯೊಂದು ಒಳಗೆ ನಿದ್ರಿಸುತ್ತಿರುತ್ತದೆ. ಕುಂಡಕ್ಕೆ ಹೆಸರಿನ ಚೀಟಿಯನ್ನು ಕಟ್ಟಿಡುವುದು ಯುಕ್ತ. ಬಿತ್ತಿದ ಮೂರರಿಂದ ಐದು ವರ್ಷಗಳಲ್ಲಿ ಸಾಮಾನ್ಯವಾಗಿ ಹೆಡೆಯನ್ನು ಕಾಣಬಹುದು. ಇದು ದೀರ್ಘಕಾಲವೆಂದು ತೋರಿದರೆ, ಅಡಕೆಯ ಸಸಿಯನ್ನಿಟ್ಟು ಫಲಕ್ಕಾಗಿ ಅದಕ್ಕಿಂತ ಹೆಚ್ಚು ಕಾಲ ಕಾಯುವವರೂ ಈ ನಾಡಿನ ತೋಟಗಾರರೇ ಎಂಬುದನ್ನು ನೆನೆಯಬೇಕು.

ಬೆಳೆದ ಗೆಡ್ಡೆಯನ್ನು ಬೇಸಗೆಯಲ್ಲಿ, ಮೊಳಕೆಯ ಕಣ್ಣು ಮೇಲ್ಮುಖವಾಗಿರುವಂತೆ, ಮೂರು ನಾಲ್ಕು ಅಂಗುಲ ಆಳದಲ್ಲಿ ನೆಡತಕ್ಕದ್ದು. ಬೇರುಗಳು ಗೆಡ್ಡೆಯ ಮೇಲ್ಭಾಗದಿಂದ, ಮೊಳಕೆಯ ಸುತ್ತಲೂ ಹೊರಡುವುದರಿಂದ ಮೇಲೆ ಸಾಕಷ್ಟು ಮಣ್ಣಿರುವುದು ಅಗತ್ಯ. ನೀರು ಬಸಿದುಹೋಗುವ ಇಳಿಜಾರು ಉತ್ತಮ. ನೀರು ನಿಂತರೆ ಗೆಡ್ಡೆ ಕೊಳೆಯುವುದು. ಎಲೆ ಒಣಗಿದ ಮೇಲೆ ನೀರು ಕೊಡಬೇಕಾದುದಿಲ್ಲ. ಆದಕಾರಣ ಕಾಫಿಯ ಹೂವಿಗಾಗಿ ಬೇಸಗೆಯಲ್ಲಿ ನೀರು ಚಿಮುಕಿಸುವ ಪಾಲಿನಲ್ಲಿ ಇದನ್ನು ನೆಡದಿರುವುದು ಲೇಸು. ಜಪಾನು, ಚೀನಾ, ಹಿಮಾಲಯಗಳ ಎತ್ತರದ ಜಾತಿಗಳನ್ನು ದುಬಾರಿ ಬೆಲೆಗೆ ತರಿಸುವುದೂ ವಿವೇಕವಲ್ಲ. ಅವು ಚಳಿಗಾಲದ ಕಡುಶೈತ್ಯಕ್ಕೆ ಒಗ್ಗಿದವು. ಘಟ್ಟದ ಜಾತಿಯೇ ಘಟ್ಟದ ತೋಟಕ್ಕೆ ಹಿತ.

ಒಂದು ಎಚ್ಚರಿಕೆ ಅವಶ್ಯಕ. ಈ ಗಿಡದ ಎಲ್ಲ ಭಾಗಗಳಲ್ಲಿಯೂ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣದ ಸೂಕ್ಷ್ಮವಾದ ಸೂಜಿಗಳಿರುತ್ತವೆ. ಬಾಯಿಗೆ ಹಾಕಿದರೆ ನಾಲಿಗೆ ಗಂಟಲುಗಳು ಉರಿದು ಊದಿಕೊಳ್ಳುತ್ತವೆ. ಕೆಸುವಿನ ಬಂಧುವೆಂದು ಅಡಿಗೆಗೆ ಬಳಸಕೂಡದು. ಕೆಂಪು ಹಣ್ಣುಗಳು ಮಕ್ಕಳನ್ನು ಆಕರ್ಷಿಸುವುದರಿಂದ ಪಾಠಶಾಲೆಯ ಆವರಣದಲ್ಲಿಯೂ ಮಕ್ಕಳು ಆಡುವ ಅಂಗಳದಲ್ಲಿಯೂ ಇದನ್ನು ನೆಡದಿರಬೇಕು. ಯಾರಾದರೂ ತಿಂದರೆ ಬಾಯನ್ನು ತೊಳೆಯಿಸಿ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು.

ಕೊನೆಯದಾಗಿ, ಗ್ರಾಮದ ಮುಖಂಡರ ಕರ್ತವ್ಯವೊಂದುಂಟು. 2002ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಪ್ರತಿಯೊಂದು ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯು ಇರತಕ್ಕದ್ದು. ಊರಿನ ಸಸ್ಯ ಪ್ರಾಣಿಗಳ ದಾಖಲೆಯನ್ನು ಇಡುವುದು ಅದರ ಕೆಲಸ. ಹೆಡೆಗೆಡ್ಡೆಯು ಮಳೆಗಾಲದಲ್ಲಿ ಮಾತ್ರ ಕಾಣುವುದರಿಂದ, ಬೇಸಗೆಯಲ್ಲಿ ದಾಖಲೆ ಬರೆಯುವವರಿಗೆ ಅದು ಇಲ್ಲವೆಂದೇ ತೋರುವುದು. ಆದುದರಿಂದ ಮೃಗಶಿರಾ ಆರಿದ್ರಾ ಮಳೆಗಳ ಕಾಲದಲ್ಲಿ ಬೆಟ್ಟವನ್ನು ಸುತ್ತಿ, ಎಲ್ಲೆಲ್ಲಿ ಎಷ್ಟೆಷ್ಟು ಗಿಡಗಳಿವೆ ಎಂಬುದನ್ನು ಬರೆಯಿಸಬೇಕು. ಮಳೆಗಾಲ ಮುಗಿಯುವಾಗ ಹಣ್ಣು ಕಟ್ಟಿದವು ಎಷ್ಟೆಂಬುದನ್ನು ಪುನಃ ಎಣಿಸಬೇಕು. ಹಣ್ಣಿನ ಗೊಂಚಲುಗಳ ಲೆಕ್ಕವೇ ಆ ಬೆಟ್ಟದಲ್ಲಿ ಉಳಿದಿರುವ ತಾಯಿಗಿಡಗಳ ಲೆಕ್ಕ. ಕಾಫಿಯ ತೋಟದ ಯಜಮಾನನು ಕಳೆ ತೆಗೆಯಿಸುವಾಗ ಈ ಗಿಡವಿರುವ ಮೂಲೆಯನ್ನು ಗೂಟ ನೆಟ್ಟು ಗುರುತುಮಾಡಿ, ಕಳೆನಾಶಕವು ಅತ್ತ ಬೀಳದಂತೆ ಆಳುಗಳಿಗೆ ತಿಳಿಸಿದರೆ ಅದಕ್ಕೆ ತಗಲುವ ವೆಚ್ಚವು ಏನೂ ಇಲ್ಲ. ಹಾಗೆ ಉಳಿದ ಒಂದು ತಾಯಿಗಿಡವು ಕೊಡುವ ಬೀಜದಿಂದ ಆತನ ತೋಟವೂ ನೆರೆಯವರ ತೋಟಗಳೂ ತುಂಬಬಹುದು, ಬೆಟ್ಟವೂ ಬರಿದಾಗದು.