ಖರ್ಚಿನ ಲೆಕ್ಕ ಆನ್‌ಲೈನ್‌ನಲ್ಲಿದೆ, ರಾಯಪುರಂ ಬೀದಿಯ ಲೆಕ್ಕ ಮಾತ್ರ ಎಲ್ಲಿದೆ?

ರಾಯಪುರಂ (ಚೆನ್ನೈ): ಬೆಂಗಳೂರಿನಿಂದ ರೈಲು ಹತ್ತಿ ಚೆನ್ನೈಗೆ ಹೋಗುವವರಿಗೆ ಸೆಂಟ್ರಲ್ ನಿಲ್ದಾಣ ಗೊತ್ತು. ಅಲ್ಲಿಂದ ಉತ್ತರಕ್ಕೆ ಕೆಲವೇ ಕಿ.ಮೀ. ದೂರದಲ್ಲಿರುವ ರಾಯಪುರಂ ಗೊತ್ತಿರುವವರು ಕಡಿಮೆ. 1856ರಲ್ಲಿ ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ಹೊರಟಿದ್ದು ಇಲ್ಲಿಂದಲೇ. ಪಕ್ಕದಲ್ಲಿ ಕಾಸಿಮೇಡು ಮೀನುಗಾರಿಕೆ ಬಂದರು, ದಿನವಿಡೀ ಓಡಾಡುವ ಬಂದರಿನ ಲಾರಿಗಳು, ಒತ್ತಾಗಿ ಬೆಳೆದ ಮನೆಗಳು. ದಕ್ಷಿಣ ಚೆನ್ನೈಗೆ ಸಿಕ್ಕಿದ್ದು ಉತ್ತರ ಚೆನ್ನೈಗೆ ಸಿಗಲಿಲ್ಲ ಎಂಬ ದೂರು ಇಲ್ಲಿ ತಲೆಮಾರುಗಳಷ್ಟು ಹಳೆಯದು.

ಈ ದೂರಿಗೆ ಉತ್ತರವಾಗಿ ತಮಿಳುನಾಡು ಸರ್ಕಾರ 2023-24ರ ಬಜೆಟ್‌ನಲ್ಲಿ 'ವಡ ಚೆನ್ನೈ ವಳರ್ಚಿ ತಿಟ್ಟಂ', ಅಂದರೆ ಉತ್ತರ ಚೆನ್ನೈ ಅಭಿವೃದ್ಧಿ ಯೋಜನೆ ಘೋಷಿಸಿತು. ಮೂರು ವರ್ಷಕ್ಕೆ 1,000 ಕೋಟಿ ರೂ. ಎಂದಿದ್ದ ಮೊತ್ತ, 2024ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಕಾಮಗಾರಿಗಳಿಗೆ ಚಾಲನೆ ಕೊಡುವ ಹೊತ್ತಿಗೆ 4,181 ಕೋಟಿ ರೂ.ಗೆ ಏರಿತ್ತು. ಹಣ ಬಂತು, ಒಳ್ಳೆಯದೇ. ಆದರೆ ರಾಯಪುರಂನ ಒಬ್ಬ ನಿವಾಸಿ ಮೊಬೈಲ್ ಹಿಡಿದು, 'ಇದರಲ್ಲಿ ನಮ್ಮ ವಾರ್ಡ್‌ಗೆ ಎಷ್ಟು ಬಂತು, ಅದರಲ್ಲಿ ಗುತ್ತಿಗೆದಾರರಿಗೆ ಎಷ್ಟು ಪಾವತಿಯಾಯಿತು' ಎಂದು ಹುಡುಕಿದರೆ ಉತ್ತರ ಒಂದೇ ಕಡೆ ಸಿಗುವುದಿಲ್ಲ.

ಮಾಹಿತಿಯೇ ಇಲ್ಲ ಎಂದು ಹೇಳಿದರೆ ಅನ್ಯಾಯವಾದೀತು. ರಾಜ್ಯದ ಬಜೆಟ್ ಪುಸ್ತಕಗಳೆಲ್ಲ ಅಂತರ್ಜಾಲದಲ್ಲಿವೆ. ರಾಜ್ಯಗಳ ಆದಾಯ, ಖರ್ಚಿನ ಮಾಸಿಕ ಅಂಕಿಅಂಶಗಳನ್ನು ಸಿಎಜಿ ತನ್ನ ಜಾಲತಾಣದಲ್ಲಿ ಹಾಕುತ್ತದೆ. ಟೆಂಡರ್‌ಗಳಿಗೆ ಪ್ರತ್ಯೇಕ ಪೋರ್ಟಲ್ ಇದೆ. ಕಾನೂನು ಮಾಡುವುದರಲ್ಲೂ ತಮಿಳುನಾಡು ಹಿಂದೆ ಬಿದ್ದ ರಾಜ್ಯವಲ್ಲ. ಮಾಹಿತಿ ಹಕ್ಕು ಕಾಯ್ದೆಯನ್ನು 1997ರಲ್ಲೇ ತಂದಿತ್ತು (ಅದರಲ್ಲಿ ವಿನಾಯಿತಿಗಳ ಪಟ್ಟಿಯೇ ಉದ್ದವಿತ್ತು ಎಂಬುದು ಬೇರೆ ಮಾತು). ಟೆಂಡರ್ ಪಾರದರ್ಶಕತೆ ಕಾಯ್ದೆ ಬಂದಿದ್ದು 1998ರಲ್ಲಿ. ಕರ್ನಾಟಕ ಅಂಥದ್ದೇ ಕೆಟಿಪಿಪಿ ಕಾಯ್ದೆಯನ್ನು 1999ರಲ್ಲಿ ಮಾಡಿತು. 2021ರ ಆಗಸ್ಟ್‌ನಲ್ಲಿ ಆಗಿನ ಹಣಕಾಸು ಸಚಿವ ಪಳನಿವೇಲ್ ತ್ಯಾಗರಾಜನ್ ಶ್ವೇತಪತ್ರ ಹೊರಡಿಸಿ, ರಾಜ್ಯದ ಪ್ರತಿ ಕುಟುಂಬದ ತಲೆಯ ಮೇಲೆ 2,63,976 ರೂ. ಸಾಲವಿದೆ ಎಂದು ಲೆಕ್ಕ ಕೊಟ್ಟರು. ಕುಟುಂಬಕ್ಕೆ ಎಷ್ಟು ಸಾಲ ಎಂದು ರೂಪಾಯಿವರೆಗೆ ಹೇಳಬಲ್ಲ ಸರ್ಕಾರ, ಅದೇ ಕುಟುಂಬದ ಬೀದಿಗೆ ಎಷ್ಟು ಖರ್ಚಾಯಿತು ಎಂದು ಏಕೆ ಹೇಳಲಾರದು?

ಊರಿನ ಹೆಸರೇ ಇಲ್ಲದ ಲೆಕ್ಕ

ಕಾರಣ ಲೆಕ್ಕ ಬರೆಯುವ ಕ್ರಮದಲ್ಲೇ ಇದೆ. ಸರ್ಕಾರದ ಖರ್ಚನ್ನು ಆರು ಹಂತದ ಲೆಕ್ಕಶೀರ್ಷಿಕೆಗಳಲ್ಲಿ ದಾಖಲಿಸಲಾಗುತ್ತದೆ. ನೀರು ಮತ್ತು ನೈರ್ಮಲ್ಯಕ್ಕೆ 2215, ನಗರಾಭಿವೃದ್ಧಿಗೆ 2217, ಹೀಗೆ. ಯಾವ ಇಲಾಖೆ, ಯಾವ ಉದ್ದೇಶ, ಸಂಬಳವೋ ಅನುದಾನವೋ ಎಂಬುದೆಲ್ಲ ಅದರಿಂದ ತಿಳಿಯುತ್ತದೆ. ಹಣ ಯಾವ ಜಾಗದಲ್ಲಿ ಖರ್ಚಾಯಿತು ಎಂಬುದಕ್ಕೆ ಅದರಲ್ಲಿ ಕಡ್ಡಾಯವಾದ ಅಂಕಣವಿಲ್ಲ. ಸಿ.ಆರ್. ಸುಂದರಮೂರ್ತಿ ನೇತೃತ್ವದ ಸಮಿತಿ 2012ರಲ್ಲೇ ಈ ಪದ್ಧತಿ ಬದಲಿಸಿ, ಭೌಗೋಳಿಕ ಸ್ಥಳಕ್ಕೂ ಒಂದು ಪ್ರತ್ಯೇಕ ಸಂಕೇತ ಸೇರಿಸಬೇಕು ಎಂದು ಶಿಫಾರಸು ಮಾಡಿತ್ತು. ಅದು ಪೂರ್ಣವಾಗಿ ಜಾರಿಗೆ ಬರಲಿಲ್ಲ.

ಎರಡನೆಯ ತೊಡಕು ಇನ್ನೂ ದೊಡ್ಡದು. ಉತ್ತರ ಚೆನ್ನೈ ಯೋಜನೆಯನ್ನು ಮುನ್ನಡೆಸುವುದು ಚೆನ್ನೈ ಮಹಾನಗರ ಅಭಿವೃದ್ಧಿ ಪ್ರಾಧಿಕಾರ (ಸಿಎಂಡಿಎ). ಆದರೆ ರಸ್ತೆ ಮಾಡುವುದು ಪಾಲಿಕೆ, ಕೊಳವೆ ಹಾಕುವುದು ಮೆಟ್ರೋವಾಟರ್, ಮನೆ ಕಟ್ಟುವುದು ನಗರ ವಸತಿ ಅಭಿವೃದ್ಧಿ ಮಂಡಳಿ, ಕಂಬ ನೆಡುವುದು ವಿದ್ಯುತ್ ಸಂಸ್ಥೆ. ರಾಜ್ಯದ ಖಜಾನೆಯಿಂದ ಇಂಥ ಸಂಸ್ಥೆಯ ಖಾತೆಗೆ ಅನುದಾನ ಹೋದ ದಿನವೇ ಬಜೆಟ್ ಲೆಕ್ಕದಲ್ಲಿ ಅದು 'ಖರ್ಚು' ಎಂದಾಗುತ್ತದೆ. ರಸ್ತೆಗೆ ಇನ್ನೂ ಜಲ್ಲಿ ಬಿದ್ದಿರುವುದಿಲ್ಲ! ಆಮೇಲಿನ ಕಥೆ ಆಯಾ ಸಂಸ್ಥೆಯ ಪುಸ್ತಕದಲ್ಲಿ ಮಾತ್ರ ಇರುತ್ತದೆ.

ಟೆಂಡರ್ ಪೋರ್ಟಲ್ ಇದೆಯಲ್ಲ ಎನ್ನಬಹುದು. ಟೆಂಡರ್‌ನಲ್ಲಿ ಕಾಣುವುದು ಕಾಮಗಾರಿಯ ಆರಂಭದ ಬೆಲೆ. ಕೆಲಸ ಅರ್ಧಕ್ಕೆ ನಿಂತು ಅವಧಿ ವಿಸ್ತರಣೆಯಾಗಿದ್ದು, ಹೆಚ್ಚುವರಿ ಕೆಲಸದ ಹೆಸರಲ್ಲಿ ಅಂದಾಜು ಏರಿದ್ದು, ಅಂತಿಮ ಬಿಲ್ ಎಷ್ಟಕ್ಕೆ ಪಾಸಾಯಿತು ಎಂಬುದು ಅಲ್ಲಿ ಸಾಮಾನ್ಯ ಓದುಗನ ಕೈಗೆ ಸಿಗುವುದಿಲ್ಲ. ದುಡ್ಡು ಸೋರುವುದು ಈ ಹಂತದಲ್ಲೇ. ನಮ್ಮಲ್ಲಿ ಗುತ್ತಿಗೆದಾರರ ಸಂಘ 2021ರಲ್ಲಿ ಪ್ರಧಾನಿಗೆ ಪತ್ರ ಬರೆದು ಮಾಡಿದ '40 ಪರ್ಸೆಂಟ್' ಆರೋಪ ನೆನಪಿರಬಹುದು. ಅಲ್ಲಿಂದೀಚೆಗೆ ಬಾಕಿ ಬಿಲ್, ಜ್ಯೇಷ್ಠತೆ ಬಿಟ್ಟು ಪಾವತಿ ಎಂಬ ಜಗಳ ಸರ್ಕಾರ ಬದಲಾದರೂ ನಿಂತಿಲ್ಲ. ಯಾವ ಬಿಲ್ ಯಾವ ದಿನ ಬಂತು, ಯಾವ ದಿನ ಪಾವತಿಯಾಯಿತು ಎಂಬ ಪಟ್ಟಿ ಎಲ್ಲರಿಗೂ ಕಾಣುವಂತಿದ್ದರೆ ಆರೋಪ ಸತ್ಯವೋ ಸುಳ್ಳೋ ಎಂದು ಒಂದು ಮಧ್ಯಾಹ್ನದಲ್ಲಿ ತಿಳಿಯಬಹುದಿತ್ತು.

ಹಳ್ಳಿಗೆ ಇರುವುದು ನಗರಕ್ಕಿಲ್ಲ

ವಿಚಿತ್ರವೆಂದರೆ, ಈ ವಿಷಯದಲ್ಲಿ ಹಳ್ಳಿಗಳು ಮಹಾನಗರಗಳಿಗಿಂತ ಮುಂದಿವೆ. 1994ರ ಡಿಸೆಂಬರ್‌ನಲ್ಲಿ ರಾಜಸ್ಥಾನದ ಕೋಟ್‌ಕಿರಾಣಾದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಮೊದಲ ಜನ್ ಸುನ್ವಾಯಿ ನಡೆಸಿ, ಪಂಚಾಯಿತಿ ಕಾಮಗಾರಿಯ ದಾಖಲೆಗಳನ್ನು ಜನರೆದುರು ಓದಿಸಿತು. ಆ ಹೋರಾಟದ ಫಲ ಮಾಹಿತಿ ಹಕ್ಕು ಕಾಯ್ದೆ. 2006ರಲ್ಲಿ ಜಾರಿಗೆ ಬಂದ ನರೇಗಾದಲ್ಲಿ ಎನ್‌ಎಂಆರ್, ಕೂಲಿ, ಸಾಮಗ್ರಿ ವೆಚ್ಚವೆಲ್ಲ ಗ್ರಾಮ ಪಂಚಾಯಿತಿವಾರು ಅಂತರ್ಜಾಲಕ್ಕೆ ಬಂತು. 2020ರಲ್ಲಿ ಇ-ಗ್ರಾಮಸ್ವರಾಜ್ ಬಂದ ಮೇಲೆ ಪಂಚಾಯಿತಿಯ ಪಾವತಿಗಳೂ ಕಾಣತೊಡಗಿದವು. ರಾಯಚೂರು ಜಿಲ್ಲೆಯ ಹಳ್ಳಿಯ ಚರಂಡಿಯ ಖರ್ಚನ್ನು ದೆಹಲಿಯಲ್ಲಿ ಕೂತು ನೋಡಬಹುದು. ರಾಯಪುರಂ ಚರಂಡಿಯದ್ದನ್ನು ರಾಯಪುರಂನಲ್ಲೇ ಕೂತು ನೋಡುವುದು ಕಷ್ಟ.

ನಗರಗಳಲ್ಲಿ ಇದು ಆಗದ ಕೆಲಸವೇನೂ ಅಲ್ಲ. ಬೆಂಗಳೂರಿನಲ್ಲಿ 2002ರಲ್ಲಿ ಜನಾಗ್ರಹ ಮತ್ತು ಜೊತೆಗಾರ ಸಂಸ್ಥೆಗಳು 'ಪ್ರೂಫ್' ಅಭಿಯಾನ ನಡೆಸಿ, ಮಹಾನಗರ ಪಾಲಿಕೆಯ ತ್ರೈಮಾಸಿಕ ಲೆಕ್ಕವನ್ನು ಸಾರ್ವಜನಿಕ ಸಭೆಯಲ್ಲಿ ಚರ್ಚೆಗೆ ತಂದಿದ್ದವು. ಮುಂದೆ ಬಿಬಿಎಂಪಿ ವಾರ್ಡ್‌ವಾರು ಕಾಮಗಾರಿ ಬಿಲ್‌ಗಳನ್ನೂ ಆನ್‌ಲೈನ್‌ನಲ್ಲಿ ಹಾಕಿತು. ಆ ಪಟ್ಟಿಗಳಲ್ಲಿ ಕಾಮಗಾರಿಯ ಹೆಸರು ಓದಿದರೆ ಜಾಗ ಯಾವುದೆಂದು ಗೊತ್ತಾಗದಂಥವೂ ಇದ್ದವು, ನಿಜ. ಆದರೂ ಕೇಳಲು ಒಂದು ಪಟ್ಟಿಯಾದರೂ ಇತ್ತು.

ಸಣ್ಣ ಮೊತ್ತವೂ ಕಾಣಬೇಕು ಎನ್ನುವುದಕ್ಕೆ ಬ್ರೆಜಿಲ್‌ನಲ್ಲಿ ಒಳ್ಳೆಯ ಉದಾಹರಣೆ ಸಿಗುತ್ತದೆ. ಅಲ್ಲಿ ಫೆಡರಲ್ ಸರ್ಕಾರ 2004ರಲ್ಲೇ ಖರ್ಚಿನ ಪೋರ್ಟಲ್ ತೆರೆಯಿತು. ಕ್ರೀಡಾ ಸಚಿವರು ಸರ್ಕಾರಿ ಕಾರ್ಡ್‌ನಲ್ಲಿ ಸುಮಾರು 8 ರಿಯಾಲ್ ಕೊಟ್ಟು ಟ್ಯಾಪಿಯೋಕಾ ತಿಂಡಿ ತಿಂದಿದ್ದು ಅದರಿಂದ 2008ರಲ್ಲಿ ಬಯಲಾಗಿ ದೇಶವಿಡೀ ಸುದ್ದಿಯಾಯಿತು. ಅದೇ ಕಾರ್ಡ್ ವಿವಾದದಲ್ಲಿ ಇನ್ನೊಬ್ಬ ಸಚಿವೆ ರಾಜೀನಾಮೆ ಕೊಟ್ಟರು. ಇಲಾಖಾವಾರು ಒಟ್ಟು ಮೊತ್ತ ಮಾತ್ರ ಹಾಕಿದ್ದರೆ ಆ 8 ರಿಯಾಲ್ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ರಾಯಪುರಂನವರಿಗೆ ಈ ಲೆಕ್ಕ ಕೇಳಲು ಜೇಬಿನದೇ ಕಾರಣವಿದೆ. 2022ರ ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಪರಿಷ್ಕರಣೆಯಾದಾಗ, ಹಳೆಯ ಚೆನ್ನೈ ಪಾಲಿಕೆ ವ್ಯಾಪ್ತಿಯಲ್ಲಿ 600 ಚದರ ಅಡಿಯೊಳಗಿನ ಮನೆಗೂ ಶೇ 50ರಷ್ಟು ಏರಿತು. 1,800 ಚದರ ಅಡಿ ದಾಟಿದ ಮನೆಗೆ ಶೇ 150. ಉತ್ತರ ಚೆನ್ನೈನ ಪುಟ್ಟ ಮನೆಯವರೂ ಕಟ್ಟಿದ್ದಾರೆ. ತೆರಿಗೆ ಬಿಲ್‌ನಲ್ಲಿ ವಲಯ, ವಾರ್ಡ್, ಬೀದಿ ಎಲ್ಲ ಸರಿಯಾಗಿ ಇರುತ್ತದೆ. ವಸೂಲಿಗೆ ಬೇಕಾದ ವಿಳಾಸ ಖರ್ಚಿನ ಲೆಕ್ಕಕ್ಕೂ ಬೇಕಲ್ಲವೇ?

ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಬಜೆಟ್ ಹಂಚಿಕೆ, ಬಿಡುಗಡೆಯಾದ ಹಣದ ವರದಿಯನ್ನು ಯಾರೂ ಅರ್ಜಿ ಹಾಕದೆಯೇ ಪ್ರಕಟಿಸುವುದು ಪ್ರತಿ ಕಚೇರಿಯ ಹೊಣೆ. ಈ ನಡುವೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ, ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನೇ ಬದಲಿಸಿದೆ. ಫಲಾನುಭವಿಗಳ ಆಧಾರ್, ಬ್ಯಾಂಕ್ ವಿವರ ಮುಚ್ಚಿಡಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಗುತ್ತಿಗೆದಾರನ ಹೆಸರು, ಬಿಲ್ ಪಾಸು ಮಾಡಿದ ಅಧಿಕಾರಿಯ ಹೆಸರು ಕೂಡ 'ವೈಯಕ್ತಿಕ ಮಾಹಿತಿ' ಆಗಿಬಿಡುತ್ತದೆಯೇ ಎಂಬ ಆತಂಕ ಮಾಹಿತಿ ಹಕ್ಕು ಕಾರ್ಯಕರ್ತರದ್ದು. ಅದು ಸುಳ್ಳು ಆತಂಕವಲ್ಲ.

ತಾಂತ್ರಿಕವಾಗಿ ಬೇಕಿರುವುದು ಹೊಸ ಪೋರ್ಟಲ್ ಅಲ್ಲ. ಖಜಾನೆಯ ಬಿಲ್ ಈಗಾಗಲೇ ಕಂಪ್ಯೂಟರ್‌ನಲ್ಲೇ ತಯಾರಾಗುತ್ತದೆ. ಚೆನ್ನೈ ಪಾಲಿಕೆಯ 200 ವಾರ್ಡ್‌ಗಳಿಗೂ ಸಂಖ್ಯೆ ಇದೆ. ಬಿಲ್ ನಮೂನೆಯಲ್ಲಿ ವಾರ್ಡ್ ಸಂಖ್ಯೆ ಮತ್ತು ಟೆಂಡರ್ ಸಂಖ್ಯೆ ಕಡ್ಡಾಯ ಮಾಡಿ, ಅನುದಾನ ಪಡೆದ ಸಂಸ್ಥೆಗಳಿಗೂ ಅದೇ ನಿಯಮ ಹಾಕಿದರೆ ಘೋಷಣೆಯಿಂದ ಅಂತಿಮ ಪಾವತಿವರೆಗಿನ ಕೊಂಡಿ ಕೂಡಿಕೊಳ್ಳುತ್ತದೆ. ಸದ್ಯಕ್ಕೆ ರಾಯಪುರಂ ನಿವಾಸಿಯ ಮುಂದಿರುವ ದಾರಿ ಹಳೆಯದೇ: ಪಾಲಿಕೆಗೊಂದು, ಸಿಎಂಡಿಎಗೊಂದು, ಮೆಟ್ರೋವಾಟರ್‌ಗೊಂದು, ವಸತಿ ಮಂಡಳಿಗೊಂದು ಅರ್ಜಿ, ತಲಾ 10 ರೂ. ಶುಲ್ಕ, ಮತ್ತು 30 ದಿನಗಳ ಕಾಯುವಿಕೆ.