ಎದೆಗಾರನ ನಳಿಕೆ

ಧೈರ್ಯಶಾಲಿಯನ್ನು ಕನ್ನಡಿಗರು ಎದೆಗಾರನೆಂದು ಹೊಗಳುತ್ತಾರೆ. ಅಂಜುವವನಿಗೆ ಗುಂಡಿಗೆಯಿಲ್ಲವೆಂದು ಹಳಿಯುತ್ತಾರೆ. ಧೈರ್ಯದ ನೆಲೆ ಎದೆಯೆಂದು ನುಡಿಯು ಹೀಗೆ ಸಾರುತ್ತ ಬಂದಿದ್ದರೂ, ಆ ಎದೆಯೊಳಗಿನ ಅವಯವವನ್ನು ಮುಟ್ಟುವ ಧೈರ್ಯ ಮಾತ್ರ ವೈದ್ಯರಿಗೆ ಬಹುಕಾಲ ಬರಲಿಲ್ಲ. ಕೈಕಾಲುಗಳನ್ನು ಕತ್ತರಿಸಬಲ್ಲವರು, ಹೊಟ್ಟೆಯನ್ನು ಸೀಳಿ ಹೊಲಿಯಬಲ್ಲವರು ಕೂಡ ಹೃದಯದ ಬಳಿಗೆ ಬಂದೊಡನೆ ಕೈ ಹಿಂದೆಗೆಯುತ್ತಿದ್ದರು. ಹೃದಯಕ್ಕೆ ಗಾಯವಾಯಿತೆಂದರೆ ಬಂಧುಗಳನ್ನು ಕರೆಸುವುದೊಂದೇ ಉಳಿದ ಕೆಲಸವಾಗಿತ್ತು. ೧೮೯೬ನೆಯ ಇಸವಿಯ ಸೆಪ್ಟೆಂಬರ್ ೯ರಂದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಲೂಡ್ವಿಗ್ ರೇನ್ ಎಂಬ ಶಸ್ತ್ರವೈದ್ಯನು, ಇರಿತಕ್ಕೆ ಸಿಕ್ಕಿ ಸಾವಿನಂಚಿನಲ್ಲಿದ್ದ ೨೨ ವರ್ಷದ ಯುವಕನೊಬ್ಬನ ಎದೆಯನ್ನು ತೆರೆದು, ಬಡಿಯುತ್ತಿದ್ದ ಹೃದಯದ ಗಾಯಕ್ಕೆ ರೇಷ್ಮೆಯ ಎಳೆಯಿಂದ ಮೂರು ಹೊಲಿಗೆ ಹಾಕಿದನು. ಯುವಕನು ಬದುಕಿದನು. ಹೃದಯವನ್ನು ಮುಟ್ಟಬಾರದೆಂಬ ಕಟ್ಟಳೆ ಅಂದು ಮುರಿಯಿತು.

ಹೃದಯದ ಗಾಯವು ಕೊಲ್ಲುವ ಬಗೆಯೇ ವಿಚಿತ್ರವಾದುದು. ರಕ್ತ ಹೊರಗೆ ಹರಿದುಹೋಗಿ ಸಾಯುವುದು ಒಂದು ರೀತಿ. ಅದು ಹೊರಗೆ ಹರಿಯಲಾರದೆ ಸಾಯುವುದು ಇನ್ನೊಂದು ರೀತಿ. ಹೃದಯದ ಸುತ್ತ ಹೃದಯಾವರಣವೆಂಬ ಚೀಲವಿದೆ. ಆರೋಗ್ಯವಂತರಲ್ಲಿ ಅದರೊಳಗೆ ಕೆಲವು ಚಮಚೆಗಳಷ್ಟು ತಿಳಿದ್ರವ ಮಾತ್ರವಿದ್ದು, ಹೃದಯದ ಬಡಿತ ಸರಾಗವಾಗಿ ಸಾಗಲು ನೆರವಾಗುತ್ತದೆ. ಈ ಚೀಲ ಬಲವಾದುದು. ಒಮ್ಮೆಲೇ ಹಿಗ್ಗುವ ಗುಣ ಅದಕ್ಕಿಲ್ಲ. ಹೃದಯದಲ್ಲಿ ಸಣ್ಣದೊಂದು ತೂತು ಬಿದ್ದು ರಕ್ತವು ಬೇಗಬೇಗನೆ ಚೀಲದೊಳಗೆ ಸೋರಿತೆಂದರೆ, ಒಂದು ಲೋಟಕ್ಕಿಂತ ಹೆಚ್ಚಿಲ್ಲದ ೧೫೦-೨೦೦ ಮಿಲಿಲೀಟರಿನಷ್ಟೇ ಪ್ರಾಣಕ್ಕೆ ಮುಳುವಾಗಬಹುದು. ಸುತ್ತಲಿಂದ ಒತ್ತಿಹಿಡಿಯಲ್ಪಟ್ಟ ಹೃದಯವು ಹಿಗ್ಗಲಾರದು, ಹಿಗ್ಗಲಾರದುದರಿಂದ ತುಂಬಿಕೊಳ್ಳಲಾರದು, ತುಂಬದ ಹೃದಯ ದೇಹಕ್ಕೆ ಏನನ್ನು ತಾನೆ ನೀಡೀತು? ರಕ್ತದ ಒತ್ತಡ ಕುಸಿಯುತ್ತದೆ, ಕುತ್ತಿಗೆಯ ನರಗಳು ಉಬ್ಬುತ್ತವೆ, ಎದೆಗೆ ಕಿವಿಗೊಟ್ಟರೆ ಬಡಿತ ದೂರದಿಂದೆಂಬಂತೆ ಕೇಳುತ್ತದೆ. ಅಮೆರಿಕದ ಶಸ್ತ್ರವೈದ್ಯ ಕ್ಲಾಡ್ ಬೆಕ್ ೧೯೩೫ರಲ್ಲಿ ವಿವರಿಸಿದ ಮೂರು ಲಕ್ಷಣಗಳ ಗುಂಪು ಇಂದಿಗೂ ಅವನ ಹೆಸರಿನಿಂದಲೇ ನಡೆಯುತ್ತಿದೆ.

ಈ ಅಪಾಯವು ಇರಿತಕ್ಕೆ ಸಿಕ್ಕಿದವರಿಗೆ ಮಾತ್ರ ಮೀಸಲಾಗಿರಲಿಲ್ಲ. ನಿಂತುಹೋಗುತ್ತಿರುವ ಹೃದಯಕ್ಕೆ ಔಷಧ ಮುಟ್ಟಿಸಲು ಹಿಂದೆ ವೈದ್ಯರು ಉದ್ದನೆಯ ಸೂಜಿಯನ್ನು ಎದೆಯ ಮೂಲಕ ನೇರವಾಗಿ ಹೃದಯಕ್ಕೇ ಚುಚ್ಚುತ್ತಿದ್ದರು. ಆ ಸೂಜಿ ಹೃದಯದ ಮೇಲಣ ಅಪಧಮನಿಯನ್ನು ಹರಿದರೆ, ಬದುಕಿಸಹೋದ ಕೈಯೇ ಹೃದಯಾವರಣದಲ್ಲಿ ರಕ್ತ ತುಂಬಿಸಿದಂತಾಗುತ್ತಿತ್ತು. ಇದಕ್ಕಿಂತ ಸುರಕ್ಷಿತವಾದ ದಾರಿಯೊಂದು ಇರಲಾರದೆ ಎಂದು ಯೋಚಿಸಿದವನು ವರ್ನರ್ ಫೋರ್ಸ್‌ಮನ್. ೧೯೨೯ರಲ್ಲಿ ಆತ ಬರ್ಲಿನ್ನಿಗೆ ಸಮೀಪದ ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆಯಲ್ಲಿ ಆಗತಾನೆ ಕೆಲಸ ಕಲಿಯುತ್ತಿದ್ದ, ಇಪ್ಪತ್ತೈದರ ಆಸುಪಾಸಿನ ತರುಣ ವೈದ್ಯ. ಫ್ರಾನ್ಸಿನ ವಿಜ್ಞಾನಿಗಳು ಕುದುರೆಯ ಕುತ್ತಿಗೆಯ ಅಭಿಧಮನಿಯಿಂದ ಹೃದಯಕ್ಕೆ ನಳಿಕೆ ತೂರಿಸಿದ ಹಳೆಯ ಚಿತ್ರವೊಂದು ಅವನ ಮನಸ್ಸಿನಲ್ಲಿ ನಿಂತಿತ್ತು. ಕುದುರೆಯಲ್ಲಿ ಸಾಧ್ಯವಾದುದು ಮನುಷ್ಯನಲ್ಲಿ ಏಕಾಗಬಾರದು? ತೋಳಿನ ಅಭಿಧಮನಿಯು ಹೇಗೂ ಹೃದಯಕ್ಕೆ ಹೋಗಿ ಸೇರುವ ಹಾದಿಯೇ ಅಲ್ಲವೆ?

ಮೇಲಿನ ವೈದ್ಯನು ಅನುಮತಿ ನಿರಾಕರಿಸಿದನು. ಫೋರ್ಸ್‌ಮನ್ ಸುಮ್ಮನಾಗಲಿಲ್ಲ. ಶುದ್ಧಗೊಳಿಸಿದ ಉಪಕರಣಗಳು ಗೆರ್ಡಾ ಡಿಟ್ಜನ್ ಎಂಬ ದಾದಿಯ ಸುಪರ್ದಿನಲ್ಲಿದ್ದವು. ಆತ ಅವಳಿಗೆ ತನ್ನ ಯೋಚನೆಯನ್ನೆಲ್ಲ ವಿವರಿಸಿದನು. ಅವಳು ಉಪಕರಣಗಳನ್ನು ಕೊಟ್ಟುದಷ್ಟೇ ಅಲ್ಲ, ಪ್ರಯೋಗ ತನ್ನ ಮೇಲೆಯೇ ನಡೆಯಲೆಂದು ಒಪ್ಪಿ ಮೇಜಿನ ಮೇಲೆ ಮಲಗಿದಳು. ಫೋರ್ಸ್‌ಮನ್ ಅವಳ ಕೈಕಾಲುಗಳನ್ನು ಮೇಜಿಗೆ ಬಿಗಿದು, ಅವಳ ತೋಳಿಗೆ ಅಯೋಡಿನ್ ಸವರಿ, ಅತ್ತ ತಿರುಗಿ ತನ್ನ ಎಡತೋಳಿನ ಅಭಿಧಮನಿಯನ್ನೇ ಕೊಯ್ದುಕೊಂಡು ನಳಿಕೆಯನ್ನು ತೂರಿಸತೊಡಗಿದನು. ಮೂತ್ರನಾಳದ ಚಿಕಿತ್ಸೆಗೆಂದು ಮಾಡಿದ್ದ ತೆಳುವಾದ ರಬ್ಬರ್ ನಳಿಕೆ ಅದು. ಮೋಸಹೋದೆನೆಂದು ದಾದಿಗೆ ತಿಳಿಯುವ ವೇಳೆಗೆ ಕೆಲಸ ಅರ್ಧ ಮುಗಿದಿತ್ತು.

ಕಟ್ಟು ಬಿಚ್ಚಿಸಿಕೊಂಡ ಮೇಲೆ ಅವಳೇ ಅವನ ಜೊತೆಯಲ್ಲಿ ನೆಲಮಾಳಿಗೆಯ ಕ್ಷ-ಕಿರಣದ ಕೋಣೆಗೆ ನಡೆದಳು. ತೋಳಿನಿಂದ ನಳಿಕೆ ಜೋಲುತ್ತಿರಲು ಫೋರ್ಸ್‌ಮನ್ ಮೆಟ್ಟಿಲಿಳಿದನು. ಸುದ್ದಿ ಕೇಳಿ ಓಡಿಬಂದ ಸಹೋದ್ಯೋಗಿಯೊಬ್ಬನು ನಳಿಕೆಯನ್ನು ಕಿತ್ತೆಸೆಯಲು ಹವಣಿಸಿದಾಗ ಆತ ಅವನನ್ನು ಹಿಮ್ಮೆಟ್ಟಿಸಿದನಂತೆ. ಎದುರಿಗೆ ಹಿಡಿದ ಕನ್ನಡಿಯಲ್ಲಿ ಪರದೆಯ ನೆರಳನ್ನು ನೋಡಿಕೊಳ್ಳುತ್ತ, ೬೫ ಸೆಂಟಿಮೀಟರಿನಷ್ಟು ಒಳಗೆ ತಳ್ಳಿದ ಮೇಲೆ ನಳಿಕೆಯ ತುದಿ ಬಲ ಹೃತ್ಕರ್ಣದಲ್ಲಿ ಕಾಣಿಸಿತು. ಚಿತ್ರ ತೆಗೆದರು. ಹೃದಯ ನಿಲ್ಲಲಿಲ್ಲ; ರಕ್ತ ಸೋರಲಿಲ್ಲ.

ಲೋಕ ಮೆಚ್ಚಿತೆಂದು ಭಾವಿಸಬೇಕಾಗಿಲ್ಲ. ಹಿರಿಯರು ಇದನ್ನು ದೊಂಬರಾಟವೆಂಬಂತೆ ಕಂಡರು. ಬರ್ಲಿನ್ನಿನ ದೊಡ್ಡ ಆಸ್ಪತ್ರೆಯಲ್ಲಿ ಅವನಿಗೆ ನೆಲೆ ದೊರೆಯಲಿಲ್ಲ. ಹೃದಯದ ವಿದ್ಯೆಯನ್ನು ಬಿಟ್ಟು ಆತ ಮೂತ್ರರೋಗಗಳ ವೈದ್ಯನಾದನು, ನಾಜಿ ಪಕ್ಷವನ್ನು ಸೇರಿದನು, ಯುದ್ಧದಲ್ಲಿ ಸೆರೆಯಾದನು. ಅಸಾಧಾರಣ ಧೈರ್ಯವುಳ್ಳವನಲ್ಲಿ ವಿವೇಕವೂ ಅಷ್ಟೇ ಇರಬೇಕೆಂಬ ನಿಯಮವಿಲ್ಲ. ಇತ್ತ ನ್ಯೂಯಾರ್ಕಿನ ಬೆಲ್ವ್ಯೂ ಆಸ್ಪತ್ರೆಯಲ್ಲಿ ಆಂದ್ರೆ ಕೂರ್ನಾನ್ ಮತ್ತು ಡಿಕಿನ್ಸನ್ ರಿಚರ್ಡ್ಸ್ ೧೯೪೦ರ ದಶಕದಲ್ಲಿ ಅದೇ ಉಪಾಯದಿಂದ ಹೃದಯದೊಳಗಿನ ಒತ್ತಡಗಳನ್ನು ಅಳೆದು, ದೊಂಬರಾಟವೆನಿಸಿದ್ದುದನ್ನು ಶಾಸ್ತ್ರವಾಗಿಸಿದರು. ೧೯೫೬ರಲ್ಲಿ ನೊಬೆಲ್ ಪಾರಿತೋಷಕ ಈ ಮೂವರಿಗೂ ಸಂದಿತು. ಫೋರ್ಸ್‌ಮನ್ ಆಗ ಬಾಡ್ ಕ್ರಾಯ್ಟ್ಸ್‌ನಾಖ್ ಎಂಬ ಸಣ್ಣ ಪಟ್ಟಣದಲ್ಲಿ ಮೂತ್ರರೋಗಗಳಿಗೆ ಚಿಕಿತ್ಸೆ ನೀಡುತ್ತಿದ್ದನು.

ನಳಿಕೆಯ ಪ್ರಯಾಣ ಅಲ್ಲಿಗೆ ನಿಲ್ಲಲಿಲ್ಲ. ೧೯೭೭ರ ಸೆಪ್ಟೆಂಬರ್ ೧೬ರಂದು ಜ್ಯೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ವೈದ್ಯನು ನಳಿಕೆಯ ತುದಿಯಲ್ಲಿ ಪುಟ್ಟ ಬಲೂನನ್ನಿಟ್ಟು, ೩೮ ವರ್ಷದ ರೋಗಿಯ ಹೃದಯದ ಇಕ್ಕಟ್ಟಾದ ಅಪಧಮನಿಯನ್ನು ಅಗಲಿಸಿದನು. ಆಂಜಿಯೋಪ್ಲಾಸ್ಟಿಯೆಂಬ ಆ ಚಿಕಿತ್ಸೆ ಇಂದು ಮನೆಮಾತಾಗಿದೆ. ಆದರೆ ಬೆಳಕಿದ್ದೆಡೆ ನೆರಳೂ ಇರಬೇಕಷ್ಟೆ. ನೂರರಲ್ಲಿ ಒಬ್ಬರಿಗಿಂತಲೂ ಕಡಮೆ ಮಂದಿಯಲ್ಲಿ, ತಂತಿಯ ತುದಿಯೋ ಬಲೂನಿನ ಒತ್ತಡವೋ ಅಪಧಮನಿಯನ್ನೇ ಭೇದಿಸಿಬಿಡುತ್ತದೆ. ಯಾವ ರಕ್ತಸ್ರಾವವನ್ನು ತಪ್ಪಿಸಲು ನಳಿಕೆ ಹುಟ್ಟಿತೋ, ಅದೇ ರಕ್ತಸ್ರಾವ ನಳಿಕೆಯಿಂದಲೇ ಉಂಟಾಗುತ್ತದೆ!

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಗಾದೆಯ ಸತ್ಯ ಇಲ್ಲಿ ಕಣ್ಣಿಗೆ ಕಟ್ಟುವಂತಿದೆ. ಸೋರಿಕೆ ಕಂಡ ಕೂಡಲೆ ವೈದ್ಯನು ಮಾಡುವ ಮೊದಲನೆಯ ಕೆಲಸ, ಬಲೂನನ್ನು ತೂತಿರುವೆಡೆ ಅಥವಾ ಅದಕ್ಕೆ ತುಸು ಹಿಂದೆ ನಿಲ್ಲಿಸಿ ಉಬ್ಬಿಸುವುದು. ಒಡೆದ ಕಾಲುವೆಗೆ ಅಡ್ಡಗಟ್ಟೆ ಹಾಕಿದಂತೆ. ಆದರೆ ರಕ್ತ ನಿಂತೊಡನೆ ಮುಂದಿನ ಹೃದಯಸ್ನಾಯು ಹಸಿಯತೊಡಗುತ್ತದೆ, ರೋಗಿಗೆ ಎದೆನೋವು ಬರುತ್ತದೆ. ಬಲೂನನ್ನು ಇಳಿಸಿದರೆ ಸೋರಿಕೆ, ಇಳಿಸದಿದ್ದರೆ ನೋವು. ಮಧ್ಯದಲ್ಲಿ ರಕ್ತ ಹಾಯಲು ದಾರಿಬಿಟ್ಟ ಬಲೂನುಗಳೂ ಹೀಗಾಗಿಯೇ ಬಂದಿವೆ. ಅದರಿಂದಲೂ ಸೋರಿಕೆ ನಿಲ್ಲದಿದ್ದಲ್ಲಿ, ಹೊದಿಕೆಯುಳ್ಳ ಸ್ಟೆಂಟನ್ನು ಕಳಿಸುತ್ತಾರೆ. ಲೋಹದ ಜಾಲರಿಗೆ ತೆಳುವಾದ ಪ್ಲಾಸ್ಟಿಕ್ಕಿನ ಹಾಳೆಯನ್ನು ಕೂಡಿಸಿ ಮಾಡಿದ ಕೊಳವೆ ಅದು. ಹಲವು ಸ್ಟೆಂಟುಗಳಲ್ಲಿ ಆ ಹಾಳೆ, ದೋಸೆ ಅಂಟದ ಕಾವಲಿಗೆ ಬಳಿಯುವ ವಸ್ತುವಿನದೇ. ಒಳಗಿನಿಂದಲೇ ತೂತಿಗೆ ತೇಪೆ ಹಾಕಿದಂತಾಗುತ್ತದೆ. ತೂತು ಕೂದಲೆಳೆಯಂತಹ ಕೊನೆಯ ಕವಲಿನಲ್ಲಿದ್ದರೆ, ನಳಿಕೆಯ ಮೂಲಕ ಸಣ್ಣ ಲೋಹದ ಸುರುಳಿಯನ್ನೋ ರೋಗಿಯದೇ ಕೊಬ್ಬಿನ ಕಣವನ್ನೋ ಕಳಿಸಿ ಆ ಕವಲನ್ನು ಮುಚ್ಚುವುದುಂಟು. ಚಿಕಿತ್ಸೆಯ ವೇಳೆ ರಕ್ತ ಹೆಪ್ಪುಗಟ್ಟದಿರಲೆಂದು ಕೊಟ್ಟ ಹೆಪಾರಿನ್ ಔಷಧಕ್ಕೆ ಪ್ರೊಟಮಿನ್ ಎಂಬ ಪ್ರತ್ಯೌಷಧವಿದೆ. ಆದರೆ ತಂತಿ, ಬಲೂನುಗಳು ಒಳಗಿರುವಾಗಲೇ ಅದನ್ನು ಕೊಟ್ಟರೆ ಅಪಧಮನಿಯಲ್ಲೇ ರಕ್ತ ಹೆಪ್ಪುಗಟ್ಟೀತು. ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ಕ್ಷಣಗಳಲ್ಲಿ ನಿರ್ಧರಿಸಬೇಕು.

ಅಷ್ಟರಲ್ಲಿ ಹೃದಯಾವರಣದಲ್ಲಿ ರಕ್ತ ತುಂಬಿದ್ದರೆ ಮತ್ತೊಂದು ನಳಿಕೆ ಬೇಕು. ಹೆಚ್ಚಾಗಿ ಎದೆಯೆಲುಬಿನ ಕೆಳತುದಿಯ ಪಕ್ಕದಿಂದ, ಧ್ವನಿತರಂಗಗಳ ಚಿತ್ರವನ್ನು ನೋಡಿಕೊಳ್ಳುತ್ತ ಸೂಜಿ ತೂರಿಸಿ, ಅದರ ಜಾಡಿನಲ್ಲಿ ತುದಿ ಸುರುಳಿಯಾಗಿರುವ, ಪಕ್ಕದಲ್ಲಿ ಹಲವು ರಂಧ್ರಗಳಿರುವ ನಳಿಕೆಯನ್ನು ಚೀಲದೊಳಗೆ ಇಳಿಸುತ್ತಾರೆ. ಕೆಲವೊಮ್ಮೆ ೫೦ ಮಿಲಿಲೀಟರ್ ರಕ್ತ ಹೊರಬಂದುದೇ ತಡ, ಬಿದ್ದಿದ್ದ ಒತ್ತಡ ಏಳುತ್ತದೆ. ಹಾಗೆ ತೆಗೆದ ರಕ್ತವನ್ನು ವ್ಯರ್ಥಮಾಡದೆ ರೋಗಿಯ ಅಭಿಧಮನಿಗೇ ಮರಳಿಸುವುದೂ ಉಂಟು. ಇವಾವುವೂ ಫಲಿಸದಿದ್ದರೆ ಎದೆ ತೆರೆಯುವ ಶಸ್ತ್ರವೈದ್ಯನಿಗೆ ಕರೆ ಹೋಗುತ್ತದೆ.

ಇರಿತದಿಂದ ಹೃದಯ ಹರಿದಾಗಲೂ ಎದೆ ತೆರೆದ ಶಸ್ತ್ರವೈದ್ಯನು ಕೆಲವೊಮ್ಮೆ ನಳಿಕೆಯನ್ನೇ ನೆಚ್ಚುತ್ತಾನೆ. ಮೂತ್ರ ತೆಗೆಯಲು ಅಮೆರಿಕದ ಫ್ರೆಡರಿಕ್ ಫೋಲಿ ರೂಪಿಸಿದ, ಎಲ್ಲ ಆಸ್ಪತ್ರೆಗಳಲ್ಲೂ ಕಾಣುವ ಬಲೂನಿನ ನಳಿಕೆಯನ್ನು ಗಾಯದೊಳಗೆ ಇಳಿಸಿ, ಬಲೂನನ್ನು ಉಪ್ಪುನೀರಿನಿಂದ ಉಬ್ಬಿಸಿ ಮೆಲ್ಲನೆ ಎಳೆದುಹಿಡಿದರೆ, ಅದು ಒಳಗಿನಿಂದ ಬಿರಡೆಯಂತೆ ಕುಳಿತು ರಕ್ತವನ್ನು ತಡೆಯುತ್ತದೆ. ಹೊಲಿಗೆ ಹಾಕುವಷ್ಟು ಹೊತ್ತು ಸಿಕ್ಕಿದರೆ ಸಾಕು. ಫೋರ್ಸ್‌ಮನ್ನನ ನಳಿಕೆಯೂ ಮೂತ್ರರೋಗದ ಪೆಟ್ಟಿಗೆಯಿಂದಲೇ ಬಂದುದನ್ನು ನೆನೆದರೆ, ಬಡ ಉಪಕರಣವೆಂದು ಯಾವುದನ್ನೂ ಹೀಗಳೆಯಬಾರದೆನಿಸುತ್ತದೆ.

ಫೋರ್ಸ್‌ಮನ್ ೧೯೭೯ರಲ್ಲಿ ತೀರಿಕೊಂಡನು. ಅವನ ಹೆಸರು ಪಾರಿತೋಷಕದ ಪಟ್ಟಿಯಲ್ಲಿ ಉಳಿದಿದೆ. ಗೆರ್ಡಾ ಡಿಟ್ಜನ್ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಆದರೆ ಮನುಷ್ಯನ ಹೃದಯಕ್ಕೆ ನಳಿಕೆ ಹೋದರೆ ಏನಾದೀತೆಂದು ಯಾರಿಗೂ ತಿಳಿಯದಿದ್ದ ಆ ದಿನ, ಅದು ತನ್ನ ಹೃದಯಕ್ಕೇ ಹೋಗಲಿದೆಯೆಂದು ನಂಬಿ ಮೇಜಿನ ಮೇಲೆ ತೋಳು ಚಾಚಿ ಮಲಗಿದವಳು ಅವಳು. ಎದೆಗಾರಿಕೆಯೆಂಬ ಮಾತಿಗೆ ಅರ್ಥ ಹುಡುಕುವವರು ಅವಳನ್ನು ಮರೆಯುವಂತಿಲ್ಲ.