ಸಹಿ ಇಲ್ಲದ ಆದೇಶಕ್ಕೆ ಪುಸ್ತಕ ಒಳಗಿಡಬೇಡಿ

ಗಂಡು, ಹೆಣ್ಣು ಎಂಬ ಎರಡೇ ಮನೆಗಳಲ್ಲಿ ಕೂರದ ಮಗುವಿನ ಕಥೆ ಹೇಳುವ ಪುಸ್ತಕ ಮಕ್ಕಳ ಕಣ್ಣಿಗೆ ಬೀಳಬಾರದು ಎನ್ನುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಹಾಗೆನ್ನುವ ಹಕ್ಕು ಅವರಿಗಿದೆ. ಆದರೆ ಅವರು ಬಾಯಿ ತೆರೆದ ಕೂಡಲೇ ಪುಸ್ತಕವನ್ನು ಮಾಯ ಮಾಡುವ ಹಕ್ಕು ತೆರಿಗೆ ಹಣದಲ್ಲಿ ನಡೆಯುವ ಯಾವ ಸಂಸ್ಥೆಗೂ ಇಲ್ಲ. ಈ ಬಗೆಯ ತಕರಾರುಗಳಲ್ಲಿ ದೂರು ಕೊಟ್ಟವರಿಗಿಂತ ದೊಡ್ಡ ತಪ್ಪು ಮಾಡಿದವರು ಕುರ್ಚಿಯಲ್ಲಿ ಕುಳಿತವರು.

2021ರ ನವೆಂಬರ್ ಮೊದಲ ವಾರದಲ್ಲಿ ಆದದ್ದನ್ನು ನೋಡಿ. ಲಿಂಗತ್ವ ಅಲ್ಪಸಂಖ್ಯಾತ ಮಕ್ಕಳನ್ನು ಶಾಲೆಯೊಳಗೆ ಹೇಗೆ ಸೇರಿಸಿಕೊಳ್ಳಬೇಕು ಎಂಬ ಬಗ್ಗೆ ಎನ್‌ಸಿಇಆರ್‌ಟಿ ಒಂದು ಕೈಪಿಡಿ ಹೊರತಂದಿತ್ತು. ಅದು ಶಿಕ್ಷಕರಿಗಾಗಿ ಬರೆದದ್ದು, ಮಕ್ಕಳ ಕೈಗೆ ಕೊಡುವ ಪುಸ್ತಕವೂ ಅಲ್ಲ. ಎಲ್ಲರೂ ಬಳಸಬಹುದಾದ ಶೌಚಾಲಯದ ಪ್ರಸ್ತಾಪ, ಪ್ರೌಢಾವಸ್ಥೆಯನ್ನು ಮುಂದೂಡುವ ಔಷಧಿಗಳ ಉಲ್ಲೇಖ ಇವೆಲ್ಲ ಸರಿಯಲ್ಲವೆಂದು ಯಾರೋ ದೂರು ಕೊಟ್ಟರು. ಮಕ್ಕಳ ಹಕ್ಕುಗಳ ರಕ್ಷಣಾ ರಾಷ್ಟ್ರೀಯ ಆಯೋಗ ಒಂದು ವಾರದ ಗಡುವು ಕೊಟ್ಟು ಪತ್ರ ಬರೆಯಿತು. ಗಡುವು ಮುಗಿಯುವ ತನಕವೂ ಎನ್‌ಸಿಇಆರ್‌ಟಿ ಕಾಯಲಿಲ್ಲ; ಕೈಪಿಡಿ ಜಾಲತಾಣದಿಂದ ಕಾಣೆಯಾಯಿತು. ಸಿದ್ಧಪಡಿಸಿದ ತಜ್ಞರ ಜೊತೆ ಕೂತು ಯಾವ ಸಾಲು ಸರಿ, ಯಾವುದು ತಪ್ಪು ಎಂದು ಸಾರ್ವಜನಿಕವಾಗಿ ಚರ್ಚಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಮದ್ರಾಸ್ ಹೈಕೋರ್ಟ್‌ನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು ಆ ಡಿಸೆಂಬರ್‌ನಲ್ಲಿ ಇದನ್ನು ಕಟುವಾಗಿ ಟೀಕಿಸಿದರು: ದೀರ್ಘ ಅಧ್ಯಯನದಿಂದ ಹೊರಬಂದ ಸಾಮಗ್ರಿಯನ್ನು ಒತ್ತಡ ಹೇರಿ ವಾಪಸ್ ತೆಗೆಸುವುದಕ್ಕೆ ಯಾರಿಗೂ ಅವಕಾಶ ಕೊಡಬಾರದು ಎಂಬುದು ಅವರ ಮಾತಿನ ಸಾರ.

ಕೈಪಿಡಿ ಕಾಣೆಯಾದ ಅದೇ ನವೆಂಬರ್ 9ರಂದು ರಾಷ್ಟ್ರಪತಿ ಭವನದಲ್ಲಿ ನಮ್ಮ ಮಂಜಮ್ಮ ಜೋಗತಿ ಸೆರಗು ಹಿಡಿದು ರಾಷ್ಟ್ರಪತಿಗಳ ದೃಷ್ಟಿ ತೆಗೆದು ಪದ್ಮಶ್ರೀ ಸ್ವೀಕರಿಸಿದರು. ದೇಶವೆಲ್ಲ ಆ ದೃಶ್ಯವನ್ನು ಮೆಚ್ಚಿ ಹಂಚಿಕೊಂಡಿತು. ಬಳ್ಳಾರಿ ಸೀಮೆಯ ಈ ಲಿಂಗತ್ವ ಅಲ್ಪಸಂಖ್ಯಾತ ಕಲಾವಿದೆ ಆಗಲೇ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿದ್ದವರು. ಅವರಂಥ ಮಗು ತರಗತಿಯಲ್ಲಿದ್ದರೆ ಮೇಷ್ಟ್ರು ಏನು ಮಾಡಬೇಕೆಂದು ಹೇಳುವ ಪುಟಗಳನ್ನು ಕಿತ್ತು, ಅವರಿಗೆ ಪದಕ ತೊಡಿಸಿದ ಸರ್ಕಾರಿ ಯಂತ್ರ ಒಂದೇ. ಇದೆಲ್ಲ ಪರದೇಶದಿಂದ ಬಂದ ಸರಕು ಎನ್ನುವವರು ಜೋಗತಿಯರು ಸೇರುವ ಹುಲಿಗಿಯ ಜಾತ್ರೆಗೆ ಒಮ್ಮೆ ಹೋಗಿ ಬರಲಿ.

ದೆಹಲಿಯನ್ನು ಬೈದು ಕೈತೊಳೆದುಕೊಳ್ಳುವ ಹಾಗೂ ಇಲ್ಲ. ಹದಿಹರೆಯದವರ ಶಿಕ್ಷಣ ಕಾರ್ಯಕ್ರಮದ ಚಿತ್ರಗಳು ಅಶ್ಲೀಲವೆಂದು 2007ರಲ್ಲಿ ಗದ್ದಲ ಎದ್ದಾಗ, ಪಾಠವನ್ನೇ ನಿಲ್ಲಿಸಿದ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ನಿಂತಿತು. ಚಿತ್ರ ಬದಲಿಸಿ ಪಾಠ ಉಳಿಸಬಹುದಿತ್ತು. 2011ರಲ್ಲಿ ಇದೇ ರಾಜ್ಯ ತನ್ನ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿಸಿ, ಲಿಂಗತ್ವ ಅಲ್ಪಸಂಖ್ಯಾತರನ್ನು ಶಂಕಿತರ ವಹಿಯಲ್ಲಿ ಬರೆದಿಡುವ ಅಧಿಕಾರವನ್ನು ಪೊಲೀಸ್ ಕಮಿಷನರ್‌ಗೆ ಕೊಟ್ಟಿತ್ತು. ಹತ್ತು ವರ್ಷ ಕಳೆದು, 2021ರಲ್ಲಿ, ಸರ್ಕಾರಿ ನೇಮಕಾತಿಯಲ್ಲಿ ಅವರಿಗೇ ಶೇ 1ರಷ್ಟು ಮೀಸಲಾತಿ ಕೊಟ್ಟ ಮೊದಲ ರಾಜ್ಯವೂ ಇದೇ ಆಯಿತು. ನೌಕರಿಗೆ ಅರ್ಜಿ ಹಾಕಬಹುದಾದ ವ್ಯಕ್ತಿ ಮಕ್ಕಳ ಪುಸ್ತಕದ ಪಾತ್ರವಾಗಬಾರದೇ?

ಈಗ ಬೆಂಗಳೂರಿನ ನಮ್ಮ ದಂಡು ಪ್ರದೇಶಕ್ಕೆ, ಅದರ ಪೂರ್ವದ ಬಡಾವಣೆಗಳಿಗೆ ಬರೋಣ. ಶಿವಾಜಿನಗರ, ಹಲಸೂರಿನಿಂದ ಹಿಡಿದು ಇಂದಿರಾನಗರ, ಕೆ.ಆರ್. ಪುರದ ತನಕ ಯಾವುದೇ ಶಾಖಾ ಗ್ರಂಥಾಲಯದ ಬಾಗಿಲಲ್ಲಿ ನಿಂತು ನೋಡಿದರೂ ಕಾಣುವುದು ಪತ್ರಿಕೆ ಓದುವ ಹಿರಿಯರು, ಸ್ಪರ್ಧಾತ್ಮಕ ಪರೀಕ್ಷೆಗೆ ತಲೆ ತಗ್ಗಿಸಿ ಕೂತ ಯುವಕರು. ಮಕ್ಕಳ ಪುಸ್ತಕಕ್ಕೆ ಮೂಲೆಯ ಕಬ್ಬಿಣದ ಬೀರುವೇ ಗತಿ. ಪುಸ್ತಕ ಕಳೆದರೆ ತಲೆಗೆ ಬಂದೀತೆಂದು ಬೀಗ. ಕೇಳಿದರೆ ಬೀಗದ ಕೈ ‘ಸಾಹೇಬರ ಹತ್ತಿರ’. ಅಮೆರಿಕದಲ್ಲಿ ಪುಸ್ತಕವನ್ನು ಕಪಾಟಿನಿಂದ ತೆಗೆದರೆ ಅನೇಕ ಸಲ ಸಭೆಯ ನಡಾವಳಿಯಾದರೂ ಇರುತ್ತದೆ, ಮತ ಹಾಕಿದವರ ಹೆಸರು ಇರುತ್ತದೆ, ಕೋರ್ಟಿಗೆ ಹೋಗಲು ಕಾಗದ ಇರುತ್ತದೆ. ಇಲ್ಲಿ ತೆಗೆಯುವ ಪ್ರಮೇಯವೇ ಬರುವುದಿಲ್ಲ. ಸಗಟು ಖರೀದಿಯ ಪಟ್ಟಿಯಲ್ಲಿ ಪುಸ್ತಕದ ಹೆಸರು ಬಾರದಿದ್ದರೆ ಕಥೆ ಮುಗಿಯಿತು. ಬಂದರೂ ‘ಯಾಕಪ್ಪಾ ಬೇಡದ ರಗಳೆ’ ಎಂಬ ಒಂದು ಮಾತಿಗೆ ಅದು ಬೀರು ಸೇರಬಹುದು. ಪರಿಗ್ರಹಣ ವಹಿಯಲ್ಲಿ ಪುಸ್ತಕ ಇದೆ, ಓದುಗರ ಪಾಲಿಗೆ ಇಲ್ಲ. ನಿಷೇಧದ ಆದೇಶವನ್ನಾದರೂ ಪ್ರಶ್ನಿಸಬಹುದು, ಬೀಗವನ್ನು ಯಾವ ಕೋರ್ಟಿನಲ್ಲಿ ಪ್ರಶ್ನಿಸುವುದು?

ಇನ್ನು, ಮಕ್ಕಳಿಗೆ ಇದೆಲ್ಲ ಗೊತ್ತಾಗಬಾರದು ಎಂಬ ವಾದ. ಟಿನ್ ಫ್ಯಾಕ್ಟರಿ ಸಿಗ್ನಲ್‌ನಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ನಿಲ್ಲುವ ಶಾಲಾ ವ್ಯಾನಿನ ಕಿಟಕಿಗೆ ಈ ವಾದ ಹೇಳಿ. ಚಪ್ಪಾಳೆ ತಟ್ಟಿ ಕೈಚಾಚುವವರನ್ನು ಮಗು ನೋಡುತ್ತದೆ, ‘ಅಂಕಲ್, ಅವರು ಯಾರು?’ ಅನ್ನುತ್ತದೆ. ಡ್ರೈವರ್ ನಗುತ್ತಾನೆ, ಹಿಂದಿನ ಸೀಟಿನ ದೊಡ್ಡ ಹುಡುಗ ಒಂದು ಕೆಟ್ಟ ಪದ ಕಲಿಸುತ್ತಾನೆ. ಪಾಠ ಆಗಿಯೇ ಹೋಯಿತು. ಇದೇ ಪ್ರಶ್ನೆಗೆ ಕನಕ್ ಶಶಿ ಅವರ ‘ಗುಠ್ಲಿ’ಯಂಥ ಚಿತ್ರಪುಸ್ತಕ ಬೇರೆ ಉತ್ತರ ಕೊಡುತ್ತದೆ. ಮನೆಯವರೆಲ್ಲ ಹುಡುಗ ಎನ್ನುವ ಗುಠ್ಲಿಗೆ ಫ್ರಾಕ್ ತೊಡುವ ಆಸೆ. ತಾನು ಕಿನ್ನರಿ ಎಂದೇ ಅದರ ನಂಬಿಕೆ. ಕಥೆ ಇಷ್ಟೇ. ಇದರಲ್ಲಿ ಅಶ್ಲೀಲ ಯಾವುದು ಎಂದು ತೋರಿಸುವ ಹೊಣೆ ಆಕ್ಷೇಪಿಸುವವರದು.

ತಂದೆತಾಯಿಗಳ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಐದು ವರ್ಷದ ಮಗುವಿಗೆ ಕೊಡುವುದನ್ನೂ ಹದಿನೈದರವರಿಗೆ ಕೊಡುವುದನ್ನೂ ಬೇರೆ ಬೇರೆ ಕಪಾಟಿನಲ್ಲಿ ಇಡುವುದು ಗ್ರಂಥಪಾಲಕರ ದಿನನಿತ್ಯದ ಕೆಲಸ. ನನ್ನ ಮಗುವಿಗೆ ಈ ಪುಸ್ತಕ ಬೇಡ ಎನ್ನಲು ಅಪ್ಪ ಅಮ್ಮನಿಗೆ ಪೂರ್ಣ ಸ್ವಾತಂತ್ರ್ಯವಿದೆ, ಪಕ್ಕದ ಮನೆಯ ಮಗುವಿಗೂ ಬೇಡ ಎನ್ನಲು ಇಲ್ಲ. ಶಾಲೆಯಲ್ಲಿ ಇಂಥ ಕಥೆಪುಸ್ತಕಗಳನ್ನು ಪಾಠವಾಗಿ ಓದಿಸುವ ಬಗೆಗಿನ ಮೇರಿಲ್ಯಾಂಡ್‌ನ ಪ್ರಕರಣದಲ್ಲಿ 2025ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪೋಷಕರ ಪರವಾಗಿಯೇ ನಿಂತಿತಲ್ಲ, ಆಗಲೂ ಅವರಿಗೆ ಸಿಕ್ಕಿದ್ದು ತಮ್ಮ ಮಕ್ಕಳನ್ನು ಆ ಪಾಠದಿಂದ ಹೊರಗೆ ಕರೆದುಕೊಳ್ಳುವ ಅವಕಾಶ. ಪುಸ್ತಕ ಸುಡುವ ಅಪ್ಪಣೆಯಲ್ಲ. ಸಿಂಗಪುರದಲ್ಲಿ 2014ರ ಜುಲೈನಲ್ಲಿ ರಾಷ್ಟ್ರೀಯ ಗ್ರಂಥಾಲಯ ಮಂಡಳಿ ಮೂರು ಮಕ್ಕಳ ಪುಸ್ತಕಗಳನ್ನು ಹೊರತೆಗೆದು ಪಲ್ಪ್ ಮಾಡಲು ಹೊರಟಿತ್ತು. ಒಂದು ಪುಸ್ತಕದಲ್ಲಿದ್ದದ್ದು ನ್ಯೂಯಾರ್ಕ್ ಮೃಗಾಲಯದ ಎರಡು ಗಂಡು ಪೆಂಗ್ವಿನ್‌ಗಳು ಮರಿ ಸಾಕಿದ ನಿಜಸಂಗತಿ! ಪೋಷಕರು ಮಕ್ಕಳೊಂದಿಗೆ ಬಂದು ಗ್ರಂಥಾಲಯದ ಆವರಣದಲ್ಲೇ ಕೂತು ಓದಿದ ಮೇಲೆ ಸಚಿವರು ಮಧ್ಯೆ ಬಂದು ಎರಡನ್ನು ದೊಡ್ಡವರ ವಿಭಾಗಕ್ಕೆ ಸೇರಿಸಿದರು. ಮೂರನೆಯದು ಅಷ್ಟರಲ್ಲಿ ನಾಶವಾಗಿತ್ತು. ವಿಚಾರಣೆಗೆ ಮೊದಲೇ ಶಿಕ್ಷೆ ಕೊಟ್ಟರೆ ಆಗುವುದೇ ಹೀಗೆ.

ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರವನ್ನು ಎಲ್ಲ ಜಾತಿ, ಎಲ್ಲ ಲಿಂಗದ ಮನೆಗಳೂ ಕಟ್ಟುತ್ತವೆ. 2025ರ ಸೆಪ್ಟೆಂಬರ್‌ನಿಂದ ಶಿವಾಜಿನಗರ ಬೆಂಗಳೂರು ಕೇಂದ್ರ ಪಾಲಿಕೆಗೆ, ಕೆ.ಆರ್. ಪುರ ಬೆಂಗಳೂರು ಪೂರ್ವ ಪಾಲಿಕೆಗೆ ಸೇರಿವೆ. ಹೊಸ ಪಾಲಿಕೆಗಳು ಸಂಗ್ರಹಿಸಿದ ಕರವನ್ನು ಹಳೆಯ ಬಿಬಿಎಂಪಿಯ ಹಾಗೆ ಬಾಕಿ ಉಳಿಸಿಕೊಳ್ಳದೆ ಗ್ರಂಥಾಲಯಗಳಿಗೆ ತಲುಪಿಸಲಿ. ಗ್ರಂಥಾಲಯ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ: ದೂರು ಬರಹದಲ್ಲಿರಬೇಕು, ದೂರುದಾರರು ಪುಸ್ತಕ ಓದಿರಬೇಕು, ಗ್ರಂಥಪಾಲಕರು, ಶಿಕ್ಷಕರು, ಮಕ್ಕಳ ಸಾಹಿತಿಗಳು ಇರುವ ಸಮಿತಿ ಕಾರಣಸಹಿತ ಆದೇಶ ಬರೆದು ಸಹಿ ಹಾಕಬೇಕು, ಆ ಆದೇಶ ಸೂಚನಾ ಫಲಕದಲ್ಲಿ ತೂಗಬೇಕು. ತೀರ್ಮಾನ ಆಗುವ ತನಕ ಪುಸ್ತಕ ಇದ್ದಲ್ಲೇ ಇರಲಿ. ಬಾಯಿಮಾತಿಗೆ ಹೆದರಿ ಈಗಾಗಲೇ ಬೀರು ಸೇರಿಸಿದ್ದು ಯಾವುದಾದರೂ ಇದ್ದರೆ ಅದನ್ನು ಈ ವಾರವೇ ಹೊರಗೆ ತಂದು, ಮಕ್ಕಳ ಕೈಗೆ ಎಟುಕುವ ಅರೆಯಲ್ಲಿ ಇಡಬೇಕು.